ಹಳೆಯ ಕೇಸ್‌ಶೀಟುಗಳನ್ನು ರದ್ದಿಗೆ ಹಾಕಬಹುದೇ?

ಪ್ರಶ್ನೆ: ತಾಲ್ಲೂಕು ಕೇಂದ್ರವೊಂದರಲ್ಲಿ ನಾನೂ ನನ್ನ ಪತ್ನಿಯೂ ಹದಿನೆಂಟು ಹಾಸಿಗೆಗಳ ನರ್ಸಿಂಗ್ ಹೋಮ್ ನಡೆಸುತ್ತಿದ್ದೇವೆ. ಪತ್ನಿ ಹೆರಿಗೆ ತಜ್ಞೆ. ಮಹಡಿಯ ಕೋಣೆಯಲ್ಲಿ ಹನ್ನೆರಡು ವರ್ಷಗಳ ಕೇಸ್‌ಶೀಟುಗಳಿಗೆ ಗೆದ್ದಲು ಹಿಡಿಯುತ್ತಿದೆ. ಮೂರು ವರ್ಷ ಇಟ್ಟರೆ ಸಾಕು, ಉಳಿದದ್ದನ್ನು ರದ್ದಿಗೆ ಹಾಕಿ ಎನ್ನುತ್ತಾರೆ ಸ್ನೇಹಿತರು. ರೋಗಿಗಳ ಗೋಪ್ಯತೆಗೆ ಧಕ್ಕೆ ಬಾರದಂತೆ ಯಾವ ದಾಖಲೆಯನ್ನು ಎಷ್ಟು ಕಾಲ ಇಡಬೇಕು? — ವೈದ್ಯ ದಂಪತಿ, ಶಿವಮೊಗ್ಗ ಜಿಲ್ಲೆ

ಉತ್ತರ: ನಿಮ್ಮ ಸ್ನೇಹಿತರು ಹೇಳಿದ್ದು ಅರ್ಧ ಸರಿ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿ ನಡಾವಳಿ ನಿಯಮಗಳ ಪ್ರಕಾರ ಒಳರೋಗಿಗಳ ದಾಖಲೆಗಳನ್ನು ಚಿಕಿತ್ಸೆ ಆರಂಭವಾದ ದಿನದಿಂದ 3 ವರ್ಷ ಕಾಪಾಡಬೇಕು. 2023ರ ಆಗಸ್ಟ್‌ನಲ್ಲಿ ಹೊಸ ನಿಯಮಗಳು ಬಂದವಾದರೂ ಅದೇ ತಿಂಗಳು ಅವನ್ನು ತಡೆಹಿಡಿದದ್ದರಿಂದ ಹಳೆಯವೇ ಮುಂದುವರಿದವು. ಆದರೆ ಈ 3 ವರ್ಷ ಕನಿಷ್ಠ ಮಿತಿಯೇ ಹೊರತು, ಅದು ಕಳೆದ ಮರುದಿನ ಎಲ್ಲವನ್ನೂ ಹೊರಗೆ ಹಾಕಿ ಎಂಬ ಅಪ್ಪಣೆಯಲ್ಲ. ಪೊಲೀಸ್ ಪ್ರಕರಣಕ್ಕೆ ಸೇರಿದ ಕಡತಗಳನ್ನು ಮೊಕದ್ದಮೆ ಪೂರ್ತಿ ಮುಗಿಯುವವರೆಗೆ ಮುಟ್ಟಬೇಡಿ. ಹೆರಿಗೆ ಮತ್ತು ನವಜಾತ ಶಿಶುಗಳ ಕಡತಗಳ ವಿಚಾರದಲ್ಲಂತೂ, ಅಪ್ರಾಪ್ತರ ಪರವಾದ ದಾವೆಗಳ ಕಾಲಮಿತಿ ಅವರು ಪ್ರಾಪ್ತ ವಯಸ್ಸಿಗೆ ಬಂದ ಮೇಲೂ ಉಳಿದಿರಬಹುದಾದ್ದರಿಂದ, ಆತುರ ಪಡದಿರುವುದೇ ಕ್ಷೇಮ.

ನಿಮ್ಮ ಪತ್ನಿಯವರ ವಿಭಾಗಕ್ಕೆ ಬೇರೆಯೇ ಕಟ್ಟಳೆಗಳಿವೆ, ಅವು ಹೆಚ್ಚು ಕಟ್ಟುನಿಟ್ಟಾಗಿಯೂ ಇವೆ. ಸ್ಕ್ಯಾನಿಂಗ್‌ಗೆ ಸಂಬಂಧಿಸಿದ ಎಫ್ ನಮೂನೆ ಮತ್ತಿತರ ದಾಖಲೆಗಳನ್ನು ಭ್ರೂಣಲಿಂಗ ಪತ್ತೆ ನಿಷೇಧ ಕಾಯ್ದೆಯಂತೆ 2 ವರ್ಷ ಇಡಬೇಕು. ಮೊಕದ್ದಮೆ ಇದ್ದರೆ ಅದು ಇತ್ಯರ್ಥವಾಗುವವರೆಗೆ. ಗರ್ಭಪಾತದ ದಾಖಲಾತಿ ರಿಜಿಸ್ಟರನ್ನು ಅದು ಸಂಬಂಧಿಸಿದ ವರ್ಷದ ಕೊನೆಯಿಂದ 5 ವರ್ಷ ಇಡಬೇಕು. ಈ ರಿಜಿಸ್ಟರ್ ರಹಸ್ಯ ದಾಖಲೆ. ಅದು ಆಸ್ಪತ್ರೆಯ ಮುಖ್ಯಸ್ಥರ ಸುಪರ್ದಿಯಲ್ಲಿರಬೇಕು. ಮಹಿಳೆಯ ಹೆಸರನ್ನು ಇದೊಂದರಲ್ಲಿ ಬಿಟ್ಟರೆ ಕೇಸ್‌ಶೀಟಿನಲ್ಲಾಗಲಿ, ಶಸ್ತ್ರಚಿಕಿತ್ಸಾ ಕೊಠಡಿಯ ರಿಜಿಸ್ಟರಿನಲ್ಲಾಗಲಿ ಬರೆಯುವಂತಿಲ್ಲ, ಅಲ್ಲೆಲ್ಲ ಆಕೆಗೆ ಕೊಟ್ಟ ಕ್ರಮಸಂಖ್ಯೆ ಮಾತ್ರ ಇರಬೇಕು. ನಮ್ಮಲ್ಲಿ ಗೋಪ್ಯತೆಯ ಬಗ್ಗೆ ಬಂದ ನಿಯಮಗಳಲ್ಲಿ ನನಗೆ ಅತ್ಯಂತ ವಿವೇಕದ್ದೆಂದು ತೋರುವುದು ಇದು, ಏಕೆಂದರೆ ಇದು ಸಿಬ್ಬಂದಿಯ ಒಳ್ಳೆಯತನವನ್ನು ನಂಬಿ ಕೂರದೆ, ಕೇಸ್‌ಶೀಟು ಯಾರ ಕೈಗೆ ಸಿಕ್ಕಿದರೂ ಹೆಸರು ಸಿಗದಂತೆ ಮಾಡುತ್ತದೆ. ಕಾನೂನು ಅಧಿಕಾರ ಕೊಟ್ಟವರನ್ನು ಬಿಟ್ಟು ಬೇರೆಯವರಿಗೆ ಆ ಹೆಸರು ತಿಳಿಸಿದವರಿಗೆ 1 ವರ್ಷದವರೆಗೆ ಸೆರೆವಾಸ, ದಂಡ ಅಥವಾ ಎರಡೂ ಆಗಬಹುದೆಂದು ಗರ್ಭಪಾತ ಕಾಯ್ದೆಯ 2021ರ ತಿದ್ದುಪಡಿ ಹೇಳುತ್ತದೆ. ಎಚ್‌ಐವಿ ಕುರಿತ 2017ರ ಕಾಯ್ದೆಯೂ ರೋಗಿಯ ತಿಳಿವಳಿಕೆಯ ಒಪ್ಪಿಗೆಯಿಲ್ಲದೆ ಸ್ಥಿತಿಯನ್ನು ಬಹಿರಂಗಪಡಿಸುವುದನ್ನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಹಾಸಿಗೆಗೆ ತೂಗುಹಾಕಿದ ಚಾರ್ಟಿನ ಮೇಲೆ ಕೆಂಪು ಶಾಯಿಯಲ್ಲಿ ಅದನ್ನು ಬರೆಯುವ ಪದ್ಧತಿ ನಿಮ್ಮಲ್ಲಿದ್ದರೆ ಇಂದೇ ನಿಲ್ಲಿಸಿ.

ಇನ್ನು ರದ್ದಿಯ ಮಾತು. ಹೆಸರು, ವಿಳಾಸ, ಕಾಯಿಲೆ ಮೂರೂ ಇರುವ ಹಾಳೆಯನ್ನು ಕಿಲೋ ಲೆಕ್ಕದಲ್ಲಿ ತೂಗಿಕೊಟ್ಟರೆ, ಮರುದಿನ ಅದರಲ್ಲಿ ಕಡಲೆಕಾಯಿ ಕಟ್ಟಿಸಿಕೊಂಡವರು ನಿಮ್ಮ ರೋಗಿಯ ನೆರೆಯವರೇ ಆಗಿರಬಹುದು. ನಾಶ ಮಾಡುವುದಾದರೆ ಚೂರು ಮಾಡಿಸಿ, ಯಾವ ವರ್ಷದ ಎಷ್ಟು ಕಡತಗಳನ್ನು, ಯಾವ ದಿನ, ಯಾರ ಸಮ್ಮುಖದಲ್ಲಿ ನಾಶಪಡಿಸಲಾಯಿತು ಎಂದು ಒಂದು ಪುಸ್ತಕದಲ್ಲಿ ಬರೆದು ಇಬ್ಬರು ಸಹಿ ಹಾಕಿ. ಅದರ ಪಕ್ಕದಲ್ಲೇ ಇನ್ನೊಂದು ಪುಸ್ತಕವಿರಲಿ: ದಾಖಲೆ ಕೋಣೆಯಿಂದ ಯಾವ ಕಡತವನ್ನು ಯಾರು, ಏತಕ್ಕಾಗಿ ಒಯ್ದರು, ಯಾವಾಗ ಮರಳಿಸಿದರು ಎಂಬುದಕ್ಕೆ. ಬೀಗ ಹಾಕಿದ ಮಾತ್ರಕ್ಕೆ ಗೋಪ್ಯತೆ ಕಾಪಾಡಿದಂತಾಗುವುದಿಲ್ಲ. ಬೀಗ ತೆರೆದವರು ಯಾರೆಂದು ಹೇಳಲು ಬಾರದಿದ್ದರೆ ದೂರು ಬಂದ ದಿನ ನಿಮ್ಮ ಬಳಿ ಉತ್ತರವಿರುವುದಿಲ್ಲ.

ಕಂಪ್ಯೂಟರಿಗೆ ಏರಿಸಿದ ದಾಖಲೆಗಳಿಗೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಮುಖ್ಯ ಹೊಣೆಗಳ ಜಾರಿಗೆ 18 ತಿಂಗಳ ಅವಕಾಶ ಕೊಡಲಾಯಿತು. ದತ್ತಾಂಶವನ್ನು ಯಾರು ತೆರೆದು ನೋಡಿದರೆಂಬ ಲಾಗ್‌ಗಳನ್ನು 1 ವರ್ಷ ಇಡಬೇಕು, ಸೋರಿಕೆಯಾದರೆ ಬಾಧಿತರಿಗೂ ಈ ಕಾಯ್ದೆಯಡಿಯ ದತ್ತಾಂಶ ಸಂರಕ್ಷಣಾ ಮಂಡಳಿಗೂ ತಡಮಾಡದೆ ತಿಳಿಸಿ, ಮಂಡಳಿಗೆ 72 ಗಂಟೆಗಳೊಳಗೆ ವಿವರವಾದ ವರದಿ ಕೊಡಬೇಕು. ಸೂಕ್ತ ಭದ್ರತೆ ಒದಗಿಸದಿದ್ದಕ್ಕೆ ವಿಧಿಸಬಹುದಾದ ದಂಡದ ಗರಿಷ್ಠ ಮಿತಿ 250 ಕೋಟಿ ರೂಪಾಯಿ. ಹದಿನೆಂಟು ಹಾಸಿಗೆಯವರಿಗೆ ಅಷ್ಟು ಬೀಳದಿರಬಹುದು, ಆದರೂ ಕೇಸ್‌ಶೀಟಿನ ಫೋಟೊ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವ ಡ್ಯೂಟಿ ಡಾಕ್ಟರಿಗೆ ಈ ಅಂಕಿಯನ್ನು ಒಮ್ಮೆ ಓದಿ ಹೇಳಿ.

ಪ್ರಶ್ನೆ: ತಂದೆಯವರ ಶಸ್ತ್ರಚಿಕಿತ್ಸೆಯ ಪೂರ್ಣ ಕೇಸ್‌ಶೀಟ್ ಕೇಳಿದರೆ, ಡಿಸ್ಚಾರ್ಜ್ ಸಮರಿ ಕೊಟ್ಟಿದ್ದೇವೆ, ಉಳಿದದ್ದು ಗೋಪ್ಯ ಎಂದು ಆಸ್ಪತ್ರೆಯವರು ಹೇಳುತ್ತಿದ್ದಾರೆ. ಇದು ಸರಿಯೇ? — ಓದುಗರು, ಹಾಸನ

ಉತ್ತರ: ಸರಿಯಲ್ಲ. ಗೋಪ್ಯತೆ ಇರುವುದು ನಿಮ್ಮ ತಂದೆಯವರ ಹಿತಕ್ಕೆ, ಅವರದೇ ವಿವರವನ್ನು ಅವರಿಂದ ಬಚ್ಚಿಡುವುದಕ್ಕಲ್ಲ. ರೋಗಿ ಅಥವಾ ಅವರಿಂದ ಅಧಿಕಾರ ಪಡೆದವರು ಕೇಳಿದಾಗ ಸ್ವೀಕೃತಿ ನೀಡಿ, 72 ಗಂಟೆಗಳೊಳಗೆ ದಾಖಲೆ ಕೊಡಬೇಕೆಂದು ಮೇಲೆ ಹೇಳಿದ 2002ರ ನಿಯಮಗಳೇ ಹೇಳುತ್ತವೆ. ಕೊಡದಿರುವುದು ವೃತ್ತಿ ದುರ್ನಡತೆ. ಆದರೆ ಮಗಳೋ ಮಗನೋ ಎಂಬ ಕಾರಣಕ್ಕಷ್ಟೇ ನಿಮಗೆ ಆ ಅಧಿಕಾರ ಬರುವುದಿಲ್ಲವಾದ್ದರಿಂದ, ತಂದೆಯವರ ಸಹಿಯಿರುವ ಅಧಿಕಾರ ಪತ್ರವನ್ನು ಅರ್ಜಿಯ ಜೊತೆಗಿಟ್ಟು, ನಿಮ್ಮ ಪ್ರತಿಯ ಮೇಲೆ ದಿನಾಂಕ ಮತ್ತು ಮೊಹರು ಹಾಕಿಸಿಕೊಳ್ಳಿ. ಬಾಯಿಮಾತಿನ ಕೋರಿಕೆಗೆ 72 ಗಂಟೆಗಳ ಲೆಕ್ಕ ಹಿಡಿಯುವುದು ಕಷ್ಟ. ಆಮೇಲೂ ಕೊಡದಿದ್ದರೆ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ದೂರು ನೀಡಬಹುದು.

ಪ್ರಶ್ನೆ: ಅಮೆರಿಕದ ಆಸ್ಪತ್ರೆಗಳಿಗೆ ಮೆಡಿಕಲ್ ಕೋಡಿಂಗ್ (ಕಾಯಿಲೆ, ಚಿಕಿತ್ಸೆಗಳನ್ನು ಸಂಕೇತಗಳಲ್ಲಿ ದಾಖಲಿಸುವ ಕೆಲಸ) ಮಾಡುವ ಕಂಪನಿಯಲ್ಲಿದ್ದೇನೆ. ಆರೋಗ್ಯ ಮಾಹಿತಿಯ ಗೋಪ್ಯತೆಗೆ ಸಂಬಂಧಿಸಿದ ಅಲ್ಲಿನ ಹಿಪಾ ಕಾಯ್ದೆಯಂತೆ ರೋಗಿಗಳ ದಾಖಲೆಗಳನ್ನು 6 ವರ್ಷ ಇಡಬೇಕೆಂದು ತರಬೇತಿಯಲ್ಲಿ ಹೇಳಿದರು. ನಿಜವೇ? — ಓದುಗರು, ಬೆಂಗಳೂರು

ಉತ್ತರ: ಬಹಳ ಮಂದಿ ಹೀಗೆಯೇ ತಿಳಿದಿದ್ದಾರೆ. 1996ರ ಆ ಕಾಯ್ದೆಯ ನಿಯಮಗಳಲ್ಲಿ 6 ವರ್ಷದ ಮಿತಿ ಇರುವುದು ಗೋಪ್ಯತಾ ನೀತಿ, ರೋಗಿಯ ಅನುಮತಿ ಪತ್ರ, ದೂರುಗಳು, ತರಬೇತಿಯ ದಾಖಲೆ ಇಂಥವಕ್ಕೆ; ಅದೂ ದಾಖಲೆ ಸಿದ್ಧವಾದ ದಿನ ಅಥವಾ ಅದು ಕೊನೆಯದಾಗಿ ಜಾರಿಯಲ್ಲಿದ್ದ ದಿನ, ಇವೆರಡರಲ್ಲಿ ಈಚಿನದರಿಂದ. 2010ರಲ್ಲಿ ಬರೆದ ನೀತಿ 2022ರವರೆಗೆ ಜಾರಿಯಲ್ಲಿದ್ದರೆ ಅದನ್ನು 2028ರವರೆಗೆ ಇಡಬೇಕಾಗುತ್ತದೆ. ರೋಗಿಯ ಕೇಸ್‌ಶೀಟ್ ಎಷ್ಟು ವರ್ಷ ಇರಬೇಕೆಂಬುದನ್ನು ಹಿಪಾ ನಿಗದಿ ಮಾಡಿಲ್ಲ, ಅದನ್ನು ಹೆಚ್ಚಾಗಿ ಅಲ್ಲಿನ ರಾಜ್ಯಗಳ ಕಾನೂನುಗಳು ನಿರ್ಧರಿಸುತ್ತವೆ. ನಿಮ್ಮ ಕಂಪನಿಯಂಥ ಸಹವರ್ತಿ ಸಂಸ್ಥೆ, ಒಪ್ಪಂದ ಮುಗಿದಾಗ ಸಾಧ್ಯವಿದ್ದರೆ ರೋಗಿಗಳ ಮಾಹಿತಿಯನ್ನು ಮರಳಿಸಬೇಕು ಅಥವಾ ನಾಶಪಡಿಸಬೇಕು. ಹಾಗೆ ಮಾಹಿತಿಯೆಲ್ಲ ಹೋದ ಮೇಲೂ, ತರಬೇತಿಯ ದಿನ ನೀವು ಸಹಿ ಹಾಕಿದ ಹಾಳೆ ಕಡತದಲ್ಲೇ ಇರುತ್ತದೆ.