ಡಾರ್ಕೆಲ್ ಎಲ್ಲಿ ಹೋದ?

ಕಲಬುರಗಿಯ ಜೇವರ್ಗಿ ರಸ್ತೆಯಿಂದ ಪತ್ರ ಬರೆದ ಓದುಗ ಮಿತ್ರರೇ,

ನೀವು ಕೇಳಿದ್ದು ಎರಡು ಪ್ರಶ್ನೆ. ‘ಗ್ರ್ಯಾಂಡ್ ಥೆಫ್ಟ್ ಆಟೊ 3’ ಎಂಬ ವಿಡಿಯೊ ಗೇಮಿನ ಪಾತ್ರ ಡಾರ್ಕೆಲ್‌ನನ್ನು ಸೆಪ್ಟೆಂಬರ್ 11ರ ದಾಳಿಯಿಂದಾಗಿ ತೆಗೆದರಂತೆ, ನಿಜವೇ? ತೆಗೆದ ಮೇಲೆ ಆಟದ ಜೊತೆ ಬಂದ ಪುಸ್ತಿಕೆಯಲ್ಲಿ ಅವನ ಹೆಸರು ಹೇಗೆ ಉಳಿಯಿತು?

ಮೊದಲನೆಯದಕ್ಕೆ ಉತ್ತರ, ಅಲ್ಲ. ಕಥೆ ನಡೆಯುವ ಲಿಬರ್ಟಿ ಸಿಟಿ ನ್ಯೂಯಾರ್ಕಿನ ಪಡಿಯಚ್ಚು. ಹಾಗಾಗಿ ದಾಳಿಯಾದ ಮೇಲೆ ತಯಾರಕರು ಆಟವನ್ನು ಇನ್ನೊಮ್ಮೆ ಜಾಲಾಡಿದ್ದು ಹೌದು. ಬಿಡುಗಡೆಯೂ ಮೂರು ವಾರದಷ್ಟು ಮುಂದೆ ಹೋಗಿ 2001ರ ಅಕ್ಟೋಬರ್ ಕೊನೆಗೆ ಬಂತು. ಆದರೆ ಬದಲಾದದ್ದು ಸಣ್ಣಪುಟ್ಟದ್ದು: ವಿಮಾನ ಹಾರುವ ದಾರಿ, ದಾರಿಹೋಕರ ಒಂದೆರಡು ಮಾತು, ಭಯೋತ್ಪಾದಕರ ಪ್ರಸ್ತಾಪವಿದ್ದ ಒಂದು ಮಿಷನ್. ಪೊಲೀಸ್ ಕಾರಿನ ನೀಲಿ-ಬಿಳಿ ಬಣ್ಣ ನ್ಯೂಯಾರ್ಕನ್ನು ನೆನಪಿಸುತ್ತಿತ್ತು, ಅದು ಕಪ್ಪು-ಬಿಳಿಯಾಯಿತು. ಡಾರ್ಕೆಲ್‌ನನ್ನು ಕೈಬಿಟ್ಟದ್ದು ಅದಕ್ಕೂ ತಿಂಗಳುಗಟ್ಟಲೆ ಮೊದಲು. ಆಟಕ್ಕೆ ಹತ್ತು ತುಂಬಿದ 2011ರಲ್ಲಿ ಅದನ್ನು ಹೊರತಂದ ರಾಕ್‌ಸ್ಟಾರ್ ಕಂಪನಿಯೇ ಇದನ್ನು ಹೇಳಿದೆ. ಶಾಲಾ ಬಸ್ಸು ಸ್ಫೋಟಿಸುವ ಕೆಲಸ ಅವನದಿತ್ತು ಎಂಬ ನಿಮ್ಮ ಗೆಳೆಯರ ಮಾತನ್ನೂ ನಂಬಬೇಡಿ. ಆ ಆಟದ ಬೀದಿಗಳಲ್ಲಿ ಮಕ್ಕಳೇ ಇಲ್ಲ.

ಡಾರ್ಕೆಲ್ ಬೀದಿಯಲ್ಲಿ ಬದುಕುವ ಹರಕು ಬಟ್ಟೆಯವನು. ಈ ಊರಿನ ಆರ್ಥಿಕತೆಯನ್ನೇ ಕೆಡವುತ್ತೇನೆಂದು ಶಪಥ ತೊಟ್ಟವನು. ಬಂದ ಆಟಗಾರರನ್ನು ದೊಂಬಿಗೆ ಹಚ್ಚುವುದು ಅವನ ಪಾತ್ರ. ಅವನು ಹೋದ, ಅವನ ಕೆಲಸ ಹೋಗಲಿಲ್ಲ. ಗಲ್ಲಿಯ ಮೂಲೆಯಲ್ಲಿ ಕಾಣುವ ತಲೆಬುರುಡೆ ಮುಟ್ಟಿದರೆ ರಾಂಪೇಜ್ ಎಂಬ ದೊಂಬಿ ಶುರುವಾಗುತ್ತದಲ್ಲ, ಅಂಥ 20 ಇವೆ, ಅದೇ ಅದು. ನನಗೆ ಇದು ನಷ್ಟವೆಂದೇ ಅನ್ನಿಸುತ್ತದೆ. ಹುಚ್ಚೋ ಹಟವೋ, ಆ ಮನುಷ್ಯನಿಗೊಂದು ಕಾರಣವಿತ್ತು. ಬುರುಡೆಗೆ ಏನಿದೆ?

ಎರಡನೆಯ ಪ್ರಶ್ನೆ ಓದಿದಾಗ ನನಗೆ ನಮ್ಮ ಮಾವ ನೆನಪಾದರು. ಆಳಂದ ತಾಲ್ಲೂಕಿನ ನಮ್ಮೂರಲ್ಲಿ ಜಾತ್ರೆಗೆ ಪ್ರತಿ ವರ್ಷ ಸಾಮಾಜಿಕ ನಾಟಕ. ಒಂದು ವರ್ಷ ಮಾವನಿಗೆ ಸಾಹುಕಾರನ ಬಂಟನ ಪಾತ್ರ ಸಿಕ್ಕಿತ್ತು. ಎರಡು ತಿಂಗಳು ಮೀಸೆ ಬೆಳೆಸಿದರು, ದಿನಾ ಅದಕ್ಕೆ ಕೊಬ್ಬರಿ ಎಣ್ಣೆ. ತಾಲೀಮಿನ ಕೊನೆಯ ವಾರ ನಾಟಕದ ಮಾಸ್ತರು, “ಈ ಬಂಟ ಬಂದನಂದ್ರ ನಾಟಕ ಅಲ್ಲೇ ನಿಂದರ್ತದ, ಮುಂದ ಹೋಗಲ್ಲ” ಎಂದು ಪಾತ್ರವನ್ನೇ ಕಿತ್ತುಹಾಕಿದರು. ಊರ ತುಂಬ ಸುದ್ದಿಯಾದದ್ದು ಮಾತ್ರ ಬೇರೆ: ಸಾಹುಕಾರರು ಧಮಕಿ ಹಾಕಿದರಂತೆ, ಅದಕ್ಕೇ ತೆಗೆದರಂತೆ! ಮಾಸ್ತರು ಎಷ್ಟು ಹೇಳಿದರೂ ಯಾರೂ ನಂಬಲಿಲ್ಲ. ಅಷ್ಟರಲ್ಲಿ ಕಲಬುರಗಿಯ ಪ್ರೆಸ್ಸಿನಿಂದ ಗುಲಾಬಿ ಬಣ್ಣದ ಹ್ಯಾಂಡ್‌ಬಿಲ್ ಬಂದಾಗಿತ್ತು, ಅದರಲ್ಲಿ ಮಾವನ ಹೆಸರು ದಪ್ಪ ಅಕ್ಷರದಲ್ಲಿತ್ತು. ನಾಟಕದ ರಾತ್ರಿ ಅವರು ಅದೇ ಮೀಸೆಯಲ್ಲಿ ಪರದೆ ಎಳೆದರು.

ನಿಮ್ಮ ಪುಸ್ತಿಕೆಯಲ್ಲಿ ದನಿ ಕೊಟ್ಟವರ ಪಟ್ಟಿ ನೋಡಿ. ಡಾರ್ಕೆಲ್ ಹೆಸರಿಗೆ ಬಿಲ್ ಫಿಯೋರೆ ಎಂಬ ನಟರ ಹೆಸರು ಸೇರಿದೆ. ಡಿಸ್ಕಿನ ಕಡತಗಳಲ್ಲಿ ಅವನ ಮುಖ-ಉಡುಪಿನ ಚಿತ್ರವೂ ಇದೆ. ಪಾತ್ರ ಬಿದ್ದರೂ ಅದಕ್ಕಾಗಿ ದುಡಿದವರ ಹೆಸರು ಯಾರೂ ಅಳಿಸಲಿಲ್ಲ, ನನಗಂತೂ ಅದು ಸರಿ ಕಾಣುತ್ತದೆ.

ಆ ಪುಸ್ತಿಕೆ ರದ್ದಿಗೆ ಹಾಕಬೇಡಿ. ಸೂಪರ್ ಮಾರ್ಕೆಟ್ ಕಡೆ ಬಂದಾಗ ನಮ್ಮ ಕಚೇರಿಗೆ ತನ್ನಿ, ಆ ಪುಟ ನಾನೂ ನೋಡಬೇಕು.

— ಸಂ.