ನನಗೆ 22 ವರ್ಷ. ಹೈ ಸಿ ಅನ್ನೋ ಎತ್ತರದ ಸ್ವರ ಮುಟ್ಟುತ್ತೇನೆ. ಇಟಲಿಯ ಗಾಯಕ ಪವರೊಟ್ಟಿ ತರ ಒಪೆರಾ ಟೆನರ್ (ಎತ್ತರದ ಗಂಡು ದನಿಯ ಗಾಯಕ) ಆಗೋಕೆ ಇಟಲಿಗೆ ಹೋಗಬೇಕಾ, ಜರ್ಮನಿಗಾ?

ಊರು ಯಾವುದು ಅನ್ನೋದು ಆಮೇಲಿನ ಮಾತು. 22ನೇ ವಯಸ್ಸಿಗೆ ದಿನಾ ‘ನೆಸ್ಸುನ್ ದೊರ್ಮಾ’ (ಪುಚ್ಚೀನಿ ಬರೆದ ‘ತುರಂದೋತ್’ ಒಪೆರಾದಲ್ಲಿ ಟೆನರ್ ಹಾಡೋ ಭಾರದ ಹಾಡು) ಹಾಡುತ್ತೇನೆ ಅಂತ ಬರೆದಿದ್ದೀರಲ್ಲ, ಅದನ್ನು ಓದಿಯೇ ನನಗೆ ಗಂಟಲು ಒಣಗಿತು.

ಮೈಸೂರಲ್ಲಿ ಕರ್ನಾಟಕ ಸಂಗೀತ ಕಲಿತು, ಈ ಹುಚ್ಚು ಹತ್ತಿಸಿಕೊಂಡು ಜರ್ಮನಿಗೆ ಬಂದವನು ನಾನು. ಒಪೆರಾದಲ್ಲಿ ಮೈಕ್ ಇಲ್ಲ. ಇಡೀ ಆರ್ಕೆಸ್ಟ್ರಾ ದಾಟಿ ದನಿ ಕೊನೇ ಸಾಲು ಮುಟ್ಟಬೇಕು. ನನ್ನದು ತೆಳು ದನಿ, ಲಿರಿಕ್ ಟೆನರ್. ಮೊಜಾರ್ಟ್, ದೊನಿಜೆಟ್ಟಿ ಬರೆದ ಹಾಡು ಬಿಟ್ಟು ಬೇರೇನೂ ಮುಟ್ಟಬೇಡ ಅಂದಿದ್ದರು ಟೀಚರ್.

25ನೇ ವಯಸ್ಸಿಗೆ ಒಂದು ಆಡಿಷನ್. ಸಣ್ಣಗೆ ನೆಗಡಿ ಇತ್ತು. ದೊನಿಜೆಟ್ಟಿ ಚೆನ್ನಾಗೇ ಆಯಿತು. ಇನ್ನೊಂದು ಹಾಡಿ ಅಂದರು. ಫೈಲಲ್ಲಿ ಮೊಜಾರ್ಟ್ ಇತ್ತು. ಆದರೆ ಹೊರಗೆ ಕಾರಿಡಾರ್‌ನಲ್ಲಿ ಒಬ್ಬ ಗೋಡೆ ನಡುಗೋ ಹಾಗೆ ಅಭ್ಯಾಸ ಮಾಡುತ್ತಿದ್ದ. ಅದು ಕಿವಿಯಲ್ಲೇ ಕೂತಿತ್ತು. ‘ನೆಸ್ಸುನ್ ದೊರ್ಮಾ’ ಹಾಳೆ ತೆಗೆದು ಪಿಯಾನೊದವರ ಮುಂದಿಟ್ಟೆ. ಜೊತೆಗೆ ಇದ್ದದ್ದು ಬರೀ ಪಿಯಾನೊ, ಒತ್ತಿ ಹಾಡೋ ಅಗತ್ಯವೇ ಇರಲಿಲ್ಲ. ಆದರೂ ಒತ್ತಿದೆ. ಕೊನೆಯ ‘ವಿಂಚೆರೊ’ (ಗೆಲ್ಲುತ್ತೇನೆ) ಪದದಲ್ಲಿ ‘ಚೆ’ ಮೇಲೆ ಬರುವ ಸ್ವರವನ್ನು ಪುಚ್ಚೀನಿ ಕಣ್ಣು ಮಿಟುಕಿಸುವಷ್ಟು ಚಿಕ್ಕದಾಗಿ ಬರೆದಿದ್ದಾನೆ. ನಾನು ಟಿವಿಯಲ್ಲಿ ಕೇಳಿದ ಹಾಗೆ ಎಳೆದೆ. ಬಾಯಿ ಅಗಲಿಸಿ, ಗದ್ದ ಎತ್ತಿ, ಕತ್ತಿನ ನರ ಬಿಗಿದು. ಒಳಗೆ ಏನೋ ಚುರುಕ್ ಅಂತು. ಸಂಜೆ ಹೊತ್ತಿಗೆ ಮಾತೇ ಹೊರಡಲಿಲ್ಲ.

ಧ್ವನಿತಂತುವಿನಲ್ಲಿ ಪುಟ್ಟ ರಕ್ತನಾಳ ಒಡೆದಿತ್ತು. ಎರಡು ವಾರ ಪೂರ್ತಿ ಮೌನ. ವಿಡಿಯೊ ಕಾಲ್‌ನಲ್ಲಿ ಅಮ್ಮ ಮಾತಾಡುತ್ತಿದ್ದರು, ನಾನು ನೋಟ್‌ಬುಕ್ಕಲ್ಲಿ ‘ಊಟ ಆಯ್ತು’ ಅಂತ ಬರೆದು ತೋರಿಸುತ್ತಿದ್ದೆ. ಆಮೇಲೆ ತಿಂಗಳುಗಟ್ಟಲೆ ಲೋಟದ ನೀರಿಗೆ ಸ್ಟ್ರಾ ಹಾಕಿ ಗುಳುಗುಳು ಅನ್ನಿಸುತ್ತಾ ಸ್ವರ ಎಳೆಯೋ ವ್ಯಾಯಾಮ. ಸೋಲೊ ಕೆಲಸ ಕೈ ತಪ್ಪಿತು.

ಪವರೊಟ್ಟಿ ತರ ಅಂದಿರಿ ಅಲ್ವಾ? ಅವರು 1961ರಲ್ಲಿ ಶುರು ಮಾಡಿದ್ದು ‘ಲಾ ಬೊಹೆಮ್’ ಒಪೆರಾದ ರೊಡೊಲ್ಫೊ ಪಾತ್ರದಿಂದ. ಈ ಹಾಡಿರುವ ‘ತುರಂದೋತ್’ ಅನ್ನು 1972ರಲ್ಲಿ ನಮ್ಮ ಮುಂಬೈಯ ಆರ್ಕೆಸ್ಟ್ರಾ ನಿರ್ದೇಶಕ ಜುಬಿನ್ ಮೆಹ್ತಾ ಜೊತೆ ಸ್ಟುಡಿಯೊದಲ್ಲಿ ರೆಕಾರ್ಡ್ ಮಾಡಿದರು. ಸ್ಟೇಜ್ ಮೇಲೆ ಈ ಹಾಡು ಹಾಡೋ ಕಲಾಫ್ ಪಾತ್ರ ಮೊದಲು ಮಾಡಿದ್ದು 1977ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ. ಅಂದರೆ 16 ವರ್ಷ ಆದಮೇಲೆ. ನಾವು 1990ರ ಫುಟ್‌ಬಾಲ್ ವಿಶ್ವಕಪ್ಪಿನ ಸಮಯದಲ್ಲಿ ಅವರು ಇದನ್ನು ಹಾಡಿದ ಕ್ಲಿಪ್ ನೋಡಿ ಅಲ್ಲಿಂದಲೇ ಶುರು ಮಾಡುತ್ತೇವೆ!

ಇನ್ನು ನಿಮ್ಮ ಹೈ ಸಿ. ಒಂದು ಕಟ್ಟೆ ಶ್ರುತಿಯವರಿಗೆ ಅದು ತಾರ ಷಡ್ಜಕ್ಕೂ ಮೇಲಿನ ಷಡ್ಜ. ಬಾತ್‌ರೂಮಲ್ಲಿ ಕಳ್ಳದನಿಯಲ್ಲಿ ಯಾರಿಗಾದರೂ ಸಿಗುತ್ತೆ. ಅದನ್ನಿಟ್ಟುಕೊಂಡು ಟೆನರ್ ಅನ್ನಬೇಡಿ. ನೀವು ಬ್ಯಾರಿಟೋನೇ (ಟೆನರಿಗಿಂತ ಕೆಳಗಿನ ಗಂಡು ದನಿ) ಇರಬಹುದು. ವೀಸಾ ಬಿಡಿ, ಮೊದಲು ನಿಮ್ಮ ದನಿ ಯಾವುದು ಅಂತ ಹೇಳೋ ಟೀಚರನ್ನು ಹುಡುಕಿ.

ಈಗ ಇಲ್ಲೇ ಒಂದು ಥಿಯೇಟರಿನ ಕೋರಸ್‌ನಲ್ಲಿದ್ದೇನೆ. ತಿಂಗಳ ಸಂಬಳ ಸರಿಯಾಗಿ ಬರುತ್ತೆ. ಈ ಸೀಸನ್ ‘ತುರಂದೋತ್’ ನಡೀತಾ ಇದೆ. ಆ ಹಾಡಿಗೆ ತೆರೆಯ ಹಿಂದಿನಿಂದ ದನಿ ಸೇರಿಸೋದು ಹೆಂಗಸರ ಕೋರಸ್ ಮಾತ್ರ. ನಾನು ಸೈಡ್ ವಿಂಗಲ್ಲಿ ನೀರಿನ ಬಾಟಲಿ ಹಿಡಿದು ಬಾಯಿ ಮುಚ್ಚಿಕೊಂಡು ನಿಂತಿರುತ್ತೇನೆ.