ಕಂಪ್ಯುಟೇಶನಲ್ ಮೆಟೀರಿಯಲ್ಸ್ ಸೈನ್ಸ್ ಗುಂಪಿನಲ್ಲಿ ದಿನವಿಡೀ ಏನು ಕೆಲಸ?

ಭೌತಶಾಸ್ತ್ರದಲ್ಲಿ ಎಂಎಸ್ಸಿ ಮುಗಿಸಿದ್ದೀರಿ, ಇಂಥ ಗುಂಪಿಗೆ ಪಿಎಚ್‌ಡಿಗೆ ಸೇರಬೇಕು ಅಂತಿದ್ದೀರಿ. ಅಲ್ಲಿ ಬರೀ ಕೋಡಿಂಗ್ ಮಾಡಬೇಕಾ ಅಂತ ಕೇಳಿದ್ದೀರಿ. ವಸ್ತುಗಳ ಗುಣಗಳನ್ನು ಕಂಪ್ಯೂಟರ್‌ನಲ್ಲೇ ಲೆಕ್ಕ ಹಾಕಿ ತಿಳಿಯುವ ಇಂಥದ್ದೇ ಒಂದು ಗುಂಪಿನಲ್ಲಿ ನಾನು ಐದನೇ ವರ್ಷದಲ್ಲಿದ್ದೇನೆ. ಕೋಡಿಂಗ್ ನೀವು ಅಂದುಕೊಂಡಷ್ಟು ಇರುವುದಿಲ್ಲ. ಬಂದ ಸಂಖ್ಯೆಯನ್ನು ನಂಬಬಹುದಾ ಅಂತ ನೋಡುವುದಕ್ಕೇ ಜಾಸ್ತಿ ಹೊತ್ತು ಹೋಗುತ್ತದೆ.

ಸೇರಿದ ಹೊಸದರಲ್ಲಿ ನನಗೆ ಕೊಟ್ಟದ್ದು ಕಬ್ಬಿಣ. ಅದರ ಹರಳಿನಲ್ಲಿ ಪರಮಾಣುಗಳು ಪುಟ್ಟ ಘನದ ಮೂಲೆಗಳಲ್ಲೂ ನಟ್ಟನಡುವೆಯೂ ಕೂತಿರುತ್ತವೆ. ಆ ಘನದ ಅಂಚು ಎಷ್ಟು ಉದ್ದ ಅಂತ ಲೆಕ್ಕ ಹಾಕಬೇಕಿತ್ತು. ಇನ್‌ಪುಟ್ ಫೈಲ್ ಬರೆದೆ, ಎಲ್ಲರೂ ಹಂಚಿಕೊಂಡು ಬಳಸುವ ಕಂಪ್ಯೂಟರ್ ಕ್ಲಸ್ಟರ್‌ನಲ್ಲಿ ಜಾಬ್ ಹಾಕಿದೆ, ಕ್ಯೂನಲ್ಲಿ ಕಾದೆ. ಒಂದೂ ಎರರ್ ಇಲ್ಲದೆ ಮುಗಿಯಿತು. ಉತ್ತರ 2.76 ಆಂಗ್‌ಸ್ಟ್ರಾಮ್. ಪ್ರಯೋಗದಲ್ಲಿ ಅಳೆದದ್ದು 2.87. ಲೆಕ್ಕ ಎಷ್ಟು ಸೂಕ್ಷ್ಮವಾಗಿರಬೇಕು ಅಂತ ಹೇಳುವ ಎರಡು ಸೆಟ್ಟಿಂಗ್ ಇವೆ: ಕಟ್‌ಆಫ್ ಏರಿಸಿದೆ, ಕೆ-ಪಾಯಿಂಟ್ ಹೆಚ್ಚಿಸಿದೆ. ಊಹುಂ, ಕದಲಲಿಲ್ಲ. ಎರಡು ದಿನ ಆದಮೇಲೆ ಪಕ್ಕದಲ್ಲಿ ಕೂರುವ ಸೀನಿಯರ್ ನನ್ನ ಫೈಲ್ ಮೇಲೆ ಕಣ್ಣಾಡಿಸಿ, "ಸ್ಪಿನ್ ಎಲ್ಲಿ?" ಅಂದರು. ಕಬ್ಬಿಣದ ಕಾಂತಗುಣ ಬರುವುದು ಎಲೆಕ್ಟ್ರಾನ್‌ಗಳ ಸ್ಪಿನ್‌ನಿಂದ. ಕಬ್ಬಿಣ ಅಯಸ್ಕಾಂತವಾಗುತ್ತದೆ ಅಂತ ಶಾಲೆಯಲ್ಲೇ ಓದಿದ್ದೆ, ಕಂಪ್ಯೂಟರ್‌ಗೆ ಹೇಳಿರಲಿಲ್ಲ. ಸ್ಪಿನ್ ಸೇರಿಸಿದ ಮೇಲೆ 2.83 ಬಂತು. ಉಳಿದ ಚೂರು ವ್ಯತ್ಯಾಸ, ಎಲೆಕ್ಟ್ರಾನ್‌ಗಳು ಒಂದರ ಮೇಲೊಂದು ಬೀರುವ ಪ್ರಭಾವಕ್ಕೆ ಬಳಸುವ ಪಿಬಿಇ ಅನ್ನುವ ಅಂದಾಜಿನಿಂದ ಬರುವಂಥದ್ದು. ಕಾಂತಗುಣ ಇಲ್ಲದಿದ್ದರೆ ಕಬ್ಬಿಣ ಆ ರಚನೆಯಲ್ಲೇ ನಿಲ್ಲುತ್ತಿರಲಿಲ್ಲ ಅನ್ನುವುದು ನನಗೆ ನಿಜವಾಗಿ ಅರ್ಥವಾದದ್ದು ಅವತ್ತೇ. ಈ ಕೆಲಸ ಹಿಡಿಸಿದ್ದೂ ಅವತ್ತೇ.

ನಾವು ಬಳಸುವ ವಿಧಾನ ಡೆನ್ಸಿಟಿ ಫಂಕ್ಷನಲ್ ಥಿಯರಿ, ಎಲ್ಲರ ಬಾಯಲ್ಲಿ ಡಿಎಫ್‌ಟಿ. ಒಂದೊಂದು ಎಲೆಕ್ಟ್ರಾನನ್ನೂ ಬೆನ್ನಟ್ಟುವ ಬದಲು ಎಲ್ಲವೂ ಸೇರಿ ಎಲ್ಲೆಲ್ಲಿ ಎಷ್ಟು ದಟ್ಟವಾಗಿವೆ ಅನ್ನುವುದನ್ನು ಹಿಡಿದರೆ ಸಾಕು ಅನ್ನುತ್ತದೆ. 1964-65ರಲ್ಲಿ ಹೋಹೆನ್‌ಬರ್ಗ್, ಕೋನ್, ಶಾಮ್ ಇದಕ್ಕೆ ಬುನಾದಿ ಹಾಕಿದರು. ಕೋನ್ ಅವರಿಗೆ 1998ರಲ್ಲಿ ನೊಬೆಲ್ ಬಂತು, ಅದೂ ರಸಾಯನಶಾಸ್ತ್ರದಲ್ಲಿ! ತೊಂದರೆ ಅಂದರೆ ಪರಮಾಣುಗಳು ಎರಡು ಪಟ್ಟಾದರೆ ಸಮಯ ಸುಮಾರು ಎಂಟು ಪಟ್ಟಾಗುತ್ತದೆ. ಸಾವಿರಾರು ಪರಮಾಣು ಬೇಕಾದವರು ಪರಮಾಣುಗಳ ಓಡಾಟವನ್ನು ಹೆಜ್ಜೆ ಹೆಜ್ಜೆಯಾಗಿ ಲೆಕ್ಕ ಹಾಕುವ ಮಾಲಿಕ್ಯುಲರ್ ಡೈನಾಮಿಕ್ಸ್ ಕಡೆ ಹೋಗುತ್ತಾರೆ. ಅಲ್ಲಿ ಒಂದು ಹೆಜ್ಜೆ ಅಂದರೆ ಒಂದು ಫೆಮ್ಟೊಸೆಕೆಂಡ್. ಹತ್ತು ಲಕ್ಷ ಹೆಜ್ಜೆ ನಡೆದರೆ ಬರೀ ಒಂದು ನ್ಯಾನೊಸೆಕೆಂಡ್.

ಲಿನಕ್ಸ್, ಸ್ವಲ್ಪ ಪೈಥಾನ್ ಬಂದರೆ ಶುರುಮಾಡಲು ಸಾಕು. ಗೈಡ್ ಹೆಸರಿಗಿಂತ ಮುಖ್ಯವಾದದ್ದು ಒಂದಿದೆ: ಹೊಸಬರ ಮೊದಲ ಲೆಕ್ಕವನ್ನು ಪಕ್ಕದಲ್ಲಿ ಕೂತು ನೋಡುವವರು ಯಾರು? ಸೇರುವ ಮುಂಚೆ ಅಲ್ಲಿನ ವಿದ್ಯಾರ್ಥಿಗಳನ್ನೇ ಕೇಳಿ. ಹಾಗೆ ನೋಡುವವರು ಯಾರೂ ಇಲ್ಲದ ಗುಂಪಿಗೆ ಹೋಗಬೇಡಿ ಅಂತಲೇ ನಾನು ಹೇಳುತ್ತೇನೆ.

ಅಷ್ಟರಲ್ಲಿ ಕ್ವಾಂಟಮ್ ಎಸ್ಪ್ರೆಸೊ ಅನ್ನುವ ಡಿಎಫ್‌ಟಿ ಸಾಫ್ಟ್‌ವೇರ್ ಹಾಕಿಕೊಳ್ಳಿ, ಉಚಿತವಾಗಿ ಸಿಗುತ್ತದೆ. ಸಿಲಿಕಾನ್‌ಗೆ ಎರಡೇ ಪರಮಾಣು ಸಾಕು, ಲ್ಯಾಪ್‌ಟಾಪ್‌ನಲ್ಲೇ ಆಗುತ್ತದೆ. ಬ್ಯಾಂಡ್ ಗ್ಯಾಪ್ (ಎಲೆಕ್ಟ್ರಾನ್‌ಗಳು ಇರಲಾಗದ ಶಕ್ತಿಯ ಅಂತರ) 1.1 ಎಲೆಕ್ಟ್ರಾನ್‌ವೋಲ್ಟ್ ಬರಬೇಕಿತ್ತು, ಪಿಬಿಇಯಲ್ಲಿ 0.6 ಆಸುಪಾಸು ಬರುತ್ತದೆ. ಅದು ನಿಮ್ಮ ತಪ್ಪಲ್ಲ. ಯಾಕೆ ಹಾಗೆ ಅಂತ ಹುಡುಕಿ ಓದಿ. ಇನ್‌ಪುಟ್ ಫೈಲ್‌ನಲ್ಲಿ ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಇಲ್ಲೇ ಬರೆಯಿರಿ, ನೋಡುತ್ತೇನೆ.